ಹೇಳಿದಷ್ಟ ಬರಿ

ಅಕ್ಕ ನನ್ನ ಬಲಗಡೆ ಕೂತು, ಎಡಗೈಯ ಎರಡು ಬೆರಳನ್ನು ನನ್ನ ಮಣಿಕಟ್ಟಿನ ಮೇಲೆ ಇಡುತ್ತಿದ್ದಳು. ಒತ್ತುತ್ತಿರಲಿಲ್ಲ. ನಾಡಿ ನೋಡುವವರು ಇಟ್ಟಂತೆ ಹಗುರವಾಗಿ ಇಟ್ಟಿರುತ್ತಿದ್ದಳು. ಆ ಬೆರಳುಗಳ ಉಗುರಿನ ಸಂದಿಯಲ್ಲಿ ಯಾವಾಗಲೂ ಹಿಟ್ಟು. ಪರೀಕ್ಷೆಯ ದಿನ ಎಷ್ಟು ತಿಕ್ಕಿ ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. ಪತ್ರಿಕೆ ಮುಗಿಯುವ ಹೊತ್ತಿಗೆ ನನ್ನ ಕೈಮೇಲೆ ಬೆವರಿನಲ್ಲಿ ಕಲೆಸಿದ ಎರಡು ಬಿಳಿ ಚುಕ್ಕೆ ಉಳಿದಿರುತ್ತಿದ್ದವು. ಬಸ್ಸಿನಲ್ಲಿ ಮರಳಿ ಬರುವಾಗ ನಾನು ಅವನ್ನು ಒರೆಸಿಕೊಳ್ಳುತ್ತಿದ್ದೆ. ಈಗ ಯಾಕೆ ಒರೆಸಿಕೊಂಡೆನೋ ಅನ್ನಿಸುತ್ತದೆ.

ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಸಣ್ಣವಳಿದ್ದಾಗ ಬಂದ ಜ್ವರದಲ್ಲಿ ಎರಡೂ ಹೋಗಿದ್ದವಂತೆ. ಆಕೆ ಉತ್ತರ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಬಿ.ಎ. ಪರೀಕ್ಷೆಯಿಂದ ಕೊನೆಯ ಪರೀಕ್ಷೆಯವರೆಗೂ ಆಕೆಗೆ ಬರೆದುಕೊಟ್ಟವಳು ನಾನೇ. ಬರೆದುಕೊಡುವವರು ಪರೀಕ್ಷೆಗೆ ಕೂತವರಿಗಿಂತ ಕಡಿಮೆ ಓದಿದವರಾಗಿರಬೇಕು ಎಂಬ ನಿಯಮವಿದೆ. ನಾನು ಪಿಯುಸಿ ಮುಗಿಸಿ ಹೊಲಿಗೆ ಮಷೀನಿಗೆ ಕೂತವಳು.

"ನೀ ಮುಂದ ಓದದ ಇದ್ದದ್ದು ನನಗ ಭಾಳ ಛಲೋ ಆತು ನೋಡು," ಎಂದು ಅಕ್ಕ ನಗುತ್ತಿದ್ದಳು. "ನೀ ಶ್ಯಾಣ್ಯಾಕಿ ಆಗಿದ್ರ ನಾ ಎಲ್ಲಿಂದ ಹುಡುಕ್ಲಿ ಇನ್ನೊಬ್ಬಾಕಿನ?"

ಆಕೆ ನನ್ನ ಒಡಹುಟ್ಟಿದವಳಲ್ಲ. ಬಸವನ ಬಾಗೇವಾಡಿಯ ನಮ್ಮ ಓಣಿಯ ತುದಿಯಲ್ಲಿ ಆಕೆಯ ಅಪ್ಪನ ಹಿಟ್ಟಿನ ಗಿರಣಿ ಇತ್ತು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಅಕ್ಕನ ತಾಯಿ ಬೇಗ ತೀರಿಹೋಗಿದ್ದರಿಂದ ಆ ಮನೆಯಲ್ಲಿ ಇದ್ದವರು ಅಪ್ಪ ಮಗಳು ಇಬ್ಬರೇ. ಹಗಲಿಡೀ ಅಕ್ಕ ಗಿರಣಿಯಲ್ಲಿ ಕೂತಿರುತ್ತಿದ್ದಳು. ಬೀಳುತ್ತಿರುವ ಹಿಟ್ಟನ್ನು ಬೆರಳಿನಲ್ಲಿ ತಿಕ್ಕಿ ನೋಡಿ, "ಅಪ್ಪಾ, ರವಾ ಬೀಳಾಕತ್ತೈತಿ, ಕಲ್ಲು ಬಿಗಿ ಮಾಡು," ಎಂದು ಗದ್ದಲದ ಮೇಲೆ ಕೂಗಿ ಹೇಳುತ್ತಿದ್ದಳು. ಕಲ್ಲಿನ ಸಪ್ಪಳ ಕೇಳಿಯೇ ಒಳಗೆ ಬಿದ್ದದ್ದು ಜೋಳವೋ ಗೋಧಿಯೋ ಕಡಲೆಯೋ ಎಂದು ಆಕೆಗೆ ಗೊತ್ತಾಗುತ್ತಿತ್ತು.

ಆ ಗಿರಣಿಯಲ್ಲಿ ಒಂದು ರಿವಾಜು ಇತ್ತು. ಗೋಧಿ ಬೀಸಿದ ಮೇಲೆ ಜೋಳ ಹಾಕಿದರೆ, ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿ ಹಿಟ್ಟು ಜೋಳದ ಹಿಟ್ಟಿನ ಜೊತೆ ಕೂಡಿ ಮೊದಲು ಬೀಳುತ್ತದೆ. ಬೇರೆ ಗಿರಣಿಗಳಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಕಾ ಮಾತ್ರ ಆ ಮೊದಲ ಬೊಗಸೆಯನ್ನು ಬೇರೆ ತಗಡಿನ ಡಬ್ಬಿಗೆ ಹಿಡಿಸಿ, ಆಮೇಲೆ ಗಿರಾಕಿಯ ಡಬ್ಬಿ ಇಡಿಸುತ್ತಿದ್ದರು. ಬೇರೆ ಇಟ್ಟದ್ದನ್ನು ಸಂಜೆ ಆಡು ಸಾಕಿದವರು ಒಯ್ಯುತ್ತಿದ್ದರು. ಆ ಮೊದಲ ಬೊಗಸೆ ಹಿಡಿಯುವ ಕೆಲಸ ಅಕ್ಕನದು.

"ನನ್ನ ಜ್ವಾಳಕ್ಕ ಒಂದೀಟ ಗೋಧಿ ಹಿಟ್ಟು ಪುಕ್ಕಟ ಬರತಿತ್ತು, ಅದನ್ನೂ ತಗದಿಟ್ಟಿ ಏನವಾ?" ಎಂದು ಒಬ್ಬ ಮುದುಕಿ ಕಾಡಿಸುತ್ತಿದ್ದಳು.

"ಹೌದಬೇ, ನಾಳೆ ರೊಟ್ಟಿ ಸರಿ ಬರಲಿಲ್ಲಂದ್ರ ಓಣಿ ತುಂಬ ನಮ್ಮ ಗಿರಣಿಗಿ ಬೈಕೋತ ಅಡ್ಡಾಡಾಕಿ ನೀನ," ಎಂದು ಅಕ್ಕ ಡಬ್ಬಿ ಸರಿಸುತ್ತಿದ್ದಳು. "ಮಂದಿ ಹಿಟ್ಟು ನಿನಗ ಬ್ಯಾಡ. ನಿನ್ನ ಹಿಟ್ಟು ಮಂದಿಗಿ ಬ್ಯಾಡ."

ಓಣಿಯಲ್ಲಿ, ಬಜಾರದಲ್ಲಿ ಆಕೆಯನ್ನು ಕಂಡರೆ ಎಲ್ಲರಿಗೂ ಕರುಣೆ. ಕೈ ಹಿಡಿದು ರಸ್ತೆ ದಾಟಿಸದವರಿಲ್ಲ. ಆ ಕರುಣೆಯಿಂದ ಅಕ್ಕನಿಗೆ ಎಷ್ಟು ತ್ರಾಸಾಗುತ್ತಿತ್ತು ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಆಕೆ ಬಸ್ಸಿಗೆಂದು ನಿಂತಿದ್ದಾಗ ಯಾರೋ ಪುಣ್ಯಾತ್ಮರು ಕೈ ಹಿಡಿದು ಆಚೆ ಬದಿಗೆ ಬಿಟ್ಟು ಹೋದರು. ಬಸ್ಸು ಈಚೆ ಬದಿಗೆ ಬಂದು ಹೋಗಿಬಿಟ್ಟಿತು. ಮನೆಗೆ ಬಂದು ನಗುತ್ತಾ ಹೇಳಿದಳು: "ಅರ್ಧ ಬಾಗೇವಾಡಿ ನನ್ನ ಕೈ ಹಿಡದು ಪುಣ್ಯ ಗಳಿಸೇತಿ. ಎಲ್ಲಿಗಿ ಹೊಂಟೀದಿ ಅಂತ ಒಬ್ರೂ ಕೇಳಿಲ್ಲ."

ಓದುವುದೆಂದರೆ ನಮಗಿಬ್ಬರಿಗೂ ಕೆಲಸದ ನಡುವಿನ ಕೆಲಸ. ನಾನು ಪಾಠ ಓದಿ ಆಕೆಯ ಮೊಬೈಲಿನಲ್ಲಿ ತುಂಬಿಕೊಡುತ್ತಿದ್ದೆ. ಗಿರಣಿ ನಿಂತ ಹೊತ್ತಿನಲ್ಲಿ ಆಕೆ ಅದನ್ನು ಕೇಳುತ್ತಿದ್ದಳು. ಆಮೇಲೆ ನನ್ನನ್ನು ಕೂರಿಸಿಕೊಂಡು ಉತ್ತರ ಹೇಳಿ ಬರೆಸುತ್ತಿದ್ದಳು. ಮೊದಮೊದಲು ಆಕೆ ಏನಾದರೂ ತಪ್ಪಿ ಹೇಳಿದರೆ ನಾನು ತಡೆದುಬಿಡುತ್ತಿದ್ದೆ. ಅಷ್ಟೊಂದು ಸಲ ಓದಿಕೊಟ್ಟಿದ್ದೆನಲ್ಲ, ನನಗೂ ಅಷ್ಟಿಷ್ಟು ಬಾಯಿಗೆ ಬಂದಿತ್ತು. ಮಣಿಕಟ್ಟಿನ ಮೇಲಿನ ಬೆರಳಿಗೆ ಅದು ತಿಳಿಯುತ್ತಿತ್ತು.

"ಯಾಕ ನಿಂತಿ?"

"ಅಕ್ಕ, ಅದು ಹಂಗಲ್ಲ, ಆ ರಾಜನ ಮಗ—"

"ನನಗ ಹೇಳಬ್ಯಾಡ. ಹೇಳಿದಷ್ಟ ಬರಿ. ತಪ್ಪಿದ್ರ ತಪ್ಪ ಬರಿ. ನನ್ನ ತಪ್ಪು ನನಗ ಬೇಕು."

ನನ್ನನ್ನು ಇಂಡಿಗೆ ಕೊಟ್ಟಮೇಲೂ ಪರೀಕ್ಷೆ ಬಂದಾಗ ನಾನು ತವರಿಗೆ ಬಂದು ಬರೆದುಕೊಟ್ಟು ಹೋಗುತ್ತಿದ್ದೆ. "ಪರೀಕ್ಷಾ ಆ ಹುಡಿಗೀದು, ಬಸ್ಸಿನಾಗ ಬಿದ್ದಾಡೂದು ನಮ್ಮ ಸೊಸಿ," ಎಂದು ಅತ್ತೆ ಗೊಣಗುತ್ತಿದ್ದರೇ ಹೊರತು ತಡೆಯಲಿಲ್ಲ. ಅಕ್ಕ ಬಿ.ಎ. ಮುಗಿಸಿದಳು. ಮುಂದೆ ಇತಿಹಾಸದಲ್ಲಿ ಎಂ.ಎ.ಗೆ ಮನೆಯಿಂದಲೇ ಕಟ್ಟಿದಳು. ಊರಿನ ಒಂದು ಖಾಸಗಿ ಕಾಲೇಜಿನ ಹಿರಿಯರು ಗಿರಣಿಗೆ ಬಂದಾಗ ಆಕೆಯ ಜೊತೆ ಮಾತಾಡಿ, "ಎಂ.ಎ. ಮುಗಿಸಿ ಬಾರವ್ವಾ, ನಮ್ಮ ಹುಡುಗ್ಯಾರಿಗಿ ನೀನ ಇತಿಹಾಸ ಹೇಳು," ಅಂದಿದ್ದರು. ಆ ಮಾತಿನ ಮೇಲೆ ಅಕ್ಕ ಎಷ್ಟು ಭರವಸೆ ಇಟ್ಟಿದ್ದಳೆಂದರೆ, ಪಾಠ ಮಾಡುವಾಗ ಉಡಲೆಂದು ಎರಡು ಸೀರೆ ತೆಗೆದಿರಿಸಿ ಅವಕ್ಕೆ ನನ್ನಿಂದ ರವಿಕೆ ಹೊಲಿಸಿಕೊಂಡಿದ್ದಳು. ಕಾಕಾನ ಉಸಿರಾಟ ಅಷ್ಟರಲ್ಲಿ ಕೆಟ್ಟಿತ್ತು. ಜೀವಮಾನವಿಡೀ ಹಿಟ್ಟು ಕುಡಿದ ಎದೆ ಅದು. ಅವರು ಹೋದ ಮೇಲೆ ಗಿರಣಿ ನಡೆಯುವುದಿಲ್ಲ. ಎಂ.ಎ. ಆದರೆ ಮಾತ್ರ ತಾನು ಯಾರ ಕೈಯನ್ನೂ ಹಿಡಿಯದೆ ಬದುಕಬಹುದು ಎಂದು ಅಕ್ಕ ಲೆಕ್ಕ ಹಾಕಿದ್ದಳು.

ಎಂ.ಎ. ಕೊನೆಯ ವರ್ಷದ ಪರೀಕ್ಷಾ ಕೇಂದ್ರ ಮುದ್ದೇಬಿಹಾಳದಲ್ಲಿತ್ತು. ಕಣ್ಣಿಲ್ಲದವರಿಗೆ ಹೆಚ್ಚಿನ ಸಮಯ ಕೊಡುವುದರಿಂದ ನಮ್ಮನ್ನು ಬೇರೆ ಕೋಣೆಯಲ್ಲಿ ಕೂರಿಸಿದ್ದರು. ಉಳಿದ ಪತ್ರಿಕೆಗಳೆಲ್ಲ ಛಲೋ ಆಗಿದ್ದವು. ಅದೇ ಕೊನೆಯದು. ಬೇರೆ ಕೋಣೆಗಳ ಹುಡುಗರೆಲ್ಲ ಬರೆದು ಹೋಗಿ ಆವರಣ ಖಾಲಿಯಾಗಿತ್ತು. ನಮ್ಮ ಮೇಲ್ವಿಚಾರಣೆಗೆ ಇದ್ದವರು ನಾಲತವಾಡದ ಕಡೆಯ ಒಬ್ಬ ಉಪನ್ಯಾಸಕರು. ನಡುವಯಸ್ಸಿನವರು, ಮೃದು ಮಾತಿನವರು. ಅಕ್ಕನಿಗೆ ಕುಡಿಯಲು ನೀರನ್ನು ತಾವೇ ತಂದುಕೊಟ್ಟಿದ್ದರು. ಆಗಾಗ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಉಳಿದಿದ್ದ ಪ್ರಶ್ನೆ ರಕ್ಕಸತಂಗಡಿ ಕಾಳಗದಲ್ಲಿ ವಿಜಯನಗರ ಸೋತದ್ದಕ್ಕೆ ಕಾರಣಗಳು. ಅಕ್ಕನ ಮುಖ ಅರಳಿತು. ಕಾಳಗದ ಹೆಸರಿನಲ್ಲಿರುವ ತಂಗಡಗಿ ಅಲ್ಲೇ ಹತ್ತಿರದ ಊರು. ಕಾಕಾ ಒಮ್ಮೆ ಕರೆದೊಯ್ದು ಹೊಳೆಯ ನೀರಿನಲ್ಲಿ ಆಕೆಯನ್ನು ನಿಲ್ಲಿಸಿದ್ದರು. ಒಂದು, ಎರಡು, ಮೂರು ಕಾರಣ ಹೇಳಿದಳು. ನಾನು ಬರೆದೆ. ಆಮೇಲೆ ಸುಮ್ಮನಾದಳು.

"ಪುಸ್ತಕದಾಗ ಐದು ಅದಾವು," ಅಂದಳು ಮೆಲ್ಲಗೆ. "ಇನ್ನೆರಡು ಬರವಲ್ಲವು. ತಡಿ."

ತಲೆ ತಗ್ಗಿಸಿ ನೆನಪು ಮಾಡಿಕೊಳ್ಳತೊಡಗಿದಳು. ಬೆರಳು ನನ್ನ ಕೈಮೇಲೆಯೇ ಇತ್ತು. ಆಗ ಆ ಸರ್ ನನ್ನ ಎಡಗಡೆಯಿಂದ ಬಾಗಿದರು. ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರಲು ಸನ್ನೆ ಮಾಡಿ, ಉತ್ತರಪತ್ರಿಕೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಜೇಬಿನ ಪೆನ್ನು ತೆಗೆದು ತಾವೇ ಬರೆಯತೊಡಗಿದರು. ದೊಡ್ಡ, ದುಂಡಗಿನ ಅಕ್ಷರ. ನನಗೆ ಏನು ನಡೆಯುತ್ತಿದೆ ಎಂದು ತಿಳಿಯುವಷ್ಟರಲ್ಲಿ ಅವರು ಕೆಲವು ಸಾಲು ದಾಟಿದ್ದರು.

ಅಕ್ಕ ತಲೆ ಎತ್ತಿದಳು.

"ನಿನ್ನ ಕೈ ಸುಮ್ಮನೈತಿ," ಅಂದಳು. "ಮತ್ತ ಪೆನ್ನು ಯಾರ್ದು ಓಡಾಕತ್ತೈತಿ?"

ಪೆನ್ನು ನಿಂತಿತು.

"ನಾನರೀ ತಂಗಿ," ಅಂದರು ಸರ್. "ಎರಡ ಕಾರಣ ಬಿಟ್ಟಿದ್ರಿ, ಬರದೇನಿ. ಚಿಂತಿ ಮಾಡಬ್ಯಾಡ್ರಿ, ಇಲ್ಲಿ ಯಾರೂ ಇಲ್ಲ."

"ನಾ ಇದ್ದೇನಲ್ಲರಿ ಸರ್."

"ಅಯ್ಯ, ಹಂಗಲ್ರಿ. ನಿಮ್ಮಂಥವರಿಗಿ ಮಾಡಿದ್ರ ನನಗೂ ಒಂದೀಟ ಪುಣ್ಯ ಬರ್ತೇತಿ. ನನ್ನ ಬಸ್ಸಿನ ಹೊತ್ತೂ ಆಗೇತಿ."

"ಪುಣ್ಯ ಬೇಕಂದ್ರ ಗುಡಿಗಿ ಹೋಗ್ರಿ ಸರ್. ಇದು ನನ್ನ ಪೇಪರ."

ದನಿ ಏರಿಸಲಿಲ್ಲ. ನನ್ನ ಕಡೆ ತಿರುಗಿ, ಅವರು ಬರೆದದ್ದರ ಮೇಲೆ ಅಡ್ಡಗೆರೆ ಎಳೆಯಲು ಹೇಳಿದಳು. ಎಳೆದೆ. ಆಮೇಲೆ ಅಂದಳು: "ಕೆಳಗ ಬರಿ. 'ಮೇಲಿನ ಸಾಲುಗಳು ನಾನು ಹೇಳಿದ್ದಲ್ಲ. ಇವಕ್ಕೆ ಅಂಕ ಕೊಡಬೇಡಿ.'"

"ಏ ತಂಗಿ, ಹಂಗ ಬರಸಬ್ಯಾಡ್ರಿ," ಸರ್ ಗಾಬರಿಯಾದರು. "ನನಗ ತೊಂದ್ರಿ ಆಗ್ತೇತಿ."

"ನಿಮ್ಮ ಹೆಸರ ಬರಸಿಲ್ಲಲ್ಲರಿ."

ನಾನು ಬರೆದೆ. ಉಳಿದೆರಡು ಕಾರಣ ಆಕೆಗೆ ಕೊನೆಗೂ ನೆನಪಾಗಲಿಲ್ಲ. ಮೂರಕ್ಕೇ ಮುಗಿಸಿ ಪತ್ರಿಕೆ ಕೊಟ್ಟೆವು.

ಬಸ್ಸಿನಲ್ಲಿ ನಾನು ಕೇಳಿದೆ: "ಬರೇ ಅಡ್ಡಗೆರಿ ಹೊಡದಿದ್ರ ಸಾಕಾಗಿತ್ತಲ್ಲಕ್ಕ. ಕೆಳಗಿನ ಮಾತು ಯಾಕ ಬೇಕಿತ್ತು?"

"ಬರೇ ಗೆರಿ ಕಂಡವರು, ನಾ ಹೇಳಿ ಆಮ್ಯಾಲ ಬ್ಯಾಡಂದೆ ಅಂತ ತಿಳಕೋತಾರ. ನಾ ಹೇಳೇ ಇಲ್ಲಲ್ಲ." ಸ್ವಲ್ಪ ಹೊತ್ತಿನ ಮೇಲೆ ತಾನೇ ನಕ್ಕಳು. "ಎರಡು ಕಾರಣ ಮರತದ್ದಕ್ಕ ರಾಜ್ಯ ಏನೂ ಹೋಗಂಗಿಲ್ಲ ಬಿಡು."

ಆದರೆ ಹೋಯಿತು.

ಫಲಿತಾಂಶ ಬಂದಾಗ ಆಕೆಯದನ್ನು ತಡೆಹಿಡಿದಿದ್ದರು. ಪತ್ರಿಕೆ ತಿದ್ದಿದವರು ಆ ಸಾಲುಗಳನ್ನು ಕಂಡು ಮೇಲಿನವರಿಗೆ ಕಳಿಸಿದ್ದರು. ಒಂದೇ ಉತ್ತರಪತ್ರಿಕೆಯಲ್ಲಿ ಎರಡು ಕೈಬರಹ ಇರುವುದು ಅಕ್ರಮ, ಬಂದು ಉತ್ತರ ಕೊಡಿ ಎಂದು ವಿಶ್ವವಿದ್ಯಾಲಯದಿಂದ ನೋಟಿಸು ಬಂತು. ಕೆಳಗೆ ಆ ಮಾತು ಬರೆಸದೆ ಇದ್ದಿದ್ದರೆ, ಅಥವಾ ಆ ಸಾಲುಗಳನ್ನು ಹಾಗೇ ಬಿಟ್ಟಿದ್ದರೆ, ಯಾರೂ ಪ್ರಾಯಶಃ ಗಮನಿಸುತ್ತಲೇ ಇರಲಿಲ್ಲ.

ವಿಚಾರಣೆಗೆ ಮುಂಚೆ ಆ ಸರ್ ಗಿರಣಿಗೆ ಬಂದರು. ಹೇಗೋ ವಿಳಾಸ ಹುಡುಕಿದ್ದರು. ನಾನೂ ಇಂಡಿಯಿಂದ ಬಂದಿದ್ದೆ. ಅವರು ಹಿಟ್ಟಿನ ಚೀಲದ ಮೇಲೆ ಕೂತು, ಕೈಯಲ್ಲಿನ ಕರವಸ್ತ್ರ ಹಿಂಡುತ್ತಾ, ತಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲವೆಂದೂ, ಹೆಸರು ಹೊರಗೆ ಬಿದ್ದರೆ ಮನೆ ನಡೆಯುವುದಿಲ್ಲವೆಂದೂ ಹೇಳಿದರು.

"ಕೆಟ್ಟ ಬುದ್ಧಿಲೆ ಮಾಡಿಲ್ರಿ ತಂಗಿ. ಖರೇನ ನಿಮ್ಮನ್ನ ನೋಡಿ ಕರಳ ಚುರ್ ಅಂತು."

"ಗೊತ್ತೈತ್ರಿ ಸರ್," ಅಂದಳು ಅಕ್ಕ. "ನಾನಾಗೇ ಹೋಗಿ ನಿಮ್ಮ ಚಾಡಿ ಹೇಳಂಗಿಲ್ಲ. ಆದ್ರ ಅವರು ಯಾರು ಬರದಾರು ಅಂತ ಕೇಳಿದ್ರ ನಾ ಸುಳ್ಳು ಹೇಳಂಗಿಲ್ಲ. ಕೇಳೂದಕ್ಕ ಮೊದಲ ನೀವ ಹೇಳಿದ್ರ ಇಬ್ಬರಿಗೂ ಛಲೋ."

ಅವರು ಕರವಸ್ತ್ರ ಮಡಚಿ ಜೇಬಿಗೆ ಇಟ್ಟುಕೊಂಡರು. ನೋಡೋಣ ಎಂಬಂತೆ ಏನೋ ಅಂದು ಎದ್ದು ಹೋದರು. ಅವರ ಪ್ಯಾಂಟಿನ ಹಿಂದೆ ಹಿಟ್ಟು ಮೆತ್ತಿತ್ತು. ಹೇಳಬೇಕೆಂದು ನನಗೆ ಅನ್ನಿಸಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಮೂವರು ಹಿರಿಯರು ಕೂತಿದ್ದರು. ಮಾತಾಡಿದವರು ನಡುವಿನವರೊಬ್ಬರೇ. ಗದರಲಿಲ್ಲ. ಅವರ ದನಿಯಲ್ಲೂ ಅದೇ ಕರುಣೆ ಇತ್ತು.

"ಎರಡು ಕೈಬರಹ ಅದಾವಲ್ಲಮ್ಮಾ?"

"ಹೌದ್ರಿ."

"ಅಂದ್ರ ಅಕ್ರಮ ಆಗೇತಿ."

"ಆಗೇತ್ರಿ. ಆದ್ರ ನಾ ಮಾಡಿಲ್ರಿ."

"ಪೇಪರ ಯಾರ್ದಮ್ಮಾ?"

"ನಂದರಿ."

"ಮತ್ತ?"

ನಾನು ತಡೆಯಲಾರದೆ, "ಸರ್, ಅದನ್ನ ಬರದವರು ಅಲ್ಲಿದ್ದ—" ಎಂದೆ.

"ನೀವು ಬರದುಕೊಟ್ಟವರು. ನಿಮ್ಮ ಸಾಕ್ಷಿ ನಡಿಯಂಗಿಲ್ಲ," ಅಂದರು ಅವರು, ನನ್ನ ಕಡೆ ನೋಡದೆ. ಆಮೇಲೆ ಅಕ್ಕನಿಗೆ ತಿಳಿಸಿ ಹೇಳಿದರು. ತಪ್ಪಾಗಿದೆ, ಕ್ಷಮಿಸಿ ಎಂದು ಬರೆದುಕೊಟ್ಟರೆ ಅದೊಂದು ಪತ್ರಿಕೆ ಮಾತ್ರ ರದ್ದಾಗುತ್ತದೆ. ಮುಂದಿನ ಸಲ ಅದೊಂದನ್ನು ಬರೆದರೆ ಎಂ.ಎ. ಆದಂತೆ. ಒಪ್ಪದಿದ್ದರೆ ಆ ವರ್ಷದ್ದೆಲ್ಲ ಹೋಗುತ್ತದೆ, ಕೆಲಕಾಲ ಪರೀಕ್ಷೆಗೂ ಕೂಡುವಂತಿಲ್ಲ. "ನಿಮ್ಮ ಸಲುವಾಗೇ ಹೇಳಾಕತ್ತೇನಿ. ಹೊರಗ ಕೂತು ವಿಚಾರ ಮಾಡಿ ಬರಕೊಂಡ ಬರ್ರಿ."

ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕಾಕಾ ಕೂತಿದ್ದರು. ಕೇಳಿದ ಕೂಡಲೇ ಅವರ ಎದೆ ಏರಿಳಿಯತೊಡಗಿತು.

"ಒಂದ ಸಾಲು ಬರಸವ್ವಾ," ಅಂದರು. "ತಪ್ಪಾತು ಅಂದ್ರ ಮುಗೀತು. ನಾ ಎಷ್ಟ ದಿನ ಇರಾಂವ? ಒಂದ ಸಾಲು ಸುಳ್ಳು ಬರದ್ರ ಏನ್ ಆಕಾಶ ಹರಕೊಂಡ ಬೀಳಂಗಿಲ್ಲ."

ಅಕ್ಕ ಅವರ ಕೈ ಹುಡುಕಿ ಹಿಡಿದಳು. "ಅಪ್ಪಾ, ಮೊದಲಿನ ಬೊಗಸಿ ಯಾಕ ಬ್ಯಾರೆ ಹಿಡಿಸ್ತಿದ್ದಿ?"

"ಅದು ಹಿಟ್ಟಿನ ಮಾತಲೇ, ಹುಚ್ಚಿ!"

"ನಾನೂ ಬ್ಯಾರೇನ ಹಿಡದೇನಿ. ಅದನ್ನ ಕದ್ದೀನಿ ಅಂತ ಹೆಂಗ ಬರೀಲಿ?"

ಕಾಕಾ ಮುಖ ತಿರುಗಿಸಿಕೊಂಡರು. ಅಕ್ಕ ನನ್ನ ಬಲಕ್ಕೆ ಕೂತಳು. ಬೆರಳು ಮಣಿಕಟ್ಟಿನ ಮೇಲೆ ಬಂತು. ಈ ಸಲ ಅದು ಒತ್ತುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಎಂದೂ ಒತ್ತಿರಲಿಲ್ಲ. ಹೇಳಿ ಬರೆಸಿದಳು: "ಬೇರೆಯವರು ಬರೆದದ್ದನ್ನು ತಿಳಿದ ಕೂಡಲೇ ಹೊಡೆದು ಹಾಕಿಸಿದ್ದೇನೆ. ಬರೆದವರು ಯಾರೆಂದು ತಾವು ಕೇಳಿದರೆ ಹೇಳುತ್ತೇನೆ. ನಾನು ಮಾಡದ ತಪ್ಪನ್ನು ಮಾಡಿದೆನೆಂದು ಬರೆದುಕೊಡಲಾರೆ."

ಒಳಗೆ ಅವರು ಅದನ್ನು ಓದಿದರು. ಒಬ್ಬರು ನಿಟ್ಟುಸಿರು ಬಿಟ್ಟರು. ಯಾರು ಬರೆದರು ಎಂದು ಯಾರೂ ಕೇಳಲಿಲ್ಲ. ಅಕ್ಕ ನಿಂತೇ ಇದ್ದಳು, ಆ ಪ್ರಶ್ನೆ ಬರುತ್ತದೆಂದು. ಹೋಗಬಹುದು ಅಂದಾಗಲೂ ಒಂದು ಗಳಿಗೆ ತಡೆದು ನಿಂತಳು. ನಾನು ಕೈ ಹಿಡಿದು ಹೊರಗೆ ಕರೆತಂದೆ.

ಆ ವರ್ಷದ ಪತ್ರಿಕೆಗಳೆಲ್ಲ ರದ್ದಾದವು.

ಓಣಿಗೆ ಸುದ್ದಿ ಹೇಗೆ ಮುಟ್ಟಿತೋ, ಮುಟ್ಟಿದಾಗ ಅದಕ್ಕೆ ಒಂದೇ ಮುಖವಿತ್ತು. ಹಿಟ್ಟಿಗೆ ಬಂದವರು ಗಿರಣಿಯ ಗದ್ದಲದಲ್ಲಿ ಕೇಳಿಸುವುದಿಲ್ಲವೆಂದುಕೊಂಡು ಮಾತಾಡಿಕೊಳ್ಳುತ್ತಿದ್ದರು. "ಕಣ್ಣಿದ್ದವರು ಕಾಪಿ ಹೊಡದು ಪಾಸಾದ್ರು, ಇಲ್ಲದಾಕಿ ಸಿಕ್ಕಬಿದ್ಲು, ಪಾಪ." ಅಕ್ಕನಿಗೆ ಗದ್ದಲದೊಳಗಿನ ಮಾತು ಎಲ್ಲರಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಕಾಲೇಜಿನ ಹಿರಿಯರು ತಾವು ಬರಲಿಲ್ಲ, ಬೇರೆಯವರ ಕೈಯಲ್ಲಿ ಹೇಳಿ ಕಳಿಸಿದರು: ಸದ್ಯಕ್ಕೆ ಜಾಗ ಇಲ್ಲ.

"ನಾ ಕಾಪಿ ಹೊಡೀಬೇಕಂದ್ರ ಯಾರ ಪೇಪರ ನೋಡ್ಲೆ?" ಎಂದು ಒಮ್ಮೆ ನನಗೆ ಫೋನಿನಲ್ಲಿ ಅಂದಳು. ನಗಬೇಕೆಂದೇ ಹೇಳಿದ್ದಳು. ನನಗೆ ನಗಲಾಗಲಿಲ್ಲ. ಆಕೆಗೂ ಆಗಲಿಲ್ಲ.

ಆ ಮೇಲಿನ ದಿನಗಳಲ್ಲಿ ಆಕೆ ಕಡಿಮೆ ಮಾತಾಡುತ್ತಿದ್ದಳು. ಮೊಬೈಲಿನಲ್ಲಿದ್ದ ಪಾಠಗಳನ್ನು ಕೇಳುವುದನ್ನು ಮಾತ್ರ ಬಿಡಲಿಲ್ಲ. ಹಳೆಯ ಬಿ.ಎ. ಪಾಠಗಳಲ್ಲಿ ನನ್ನ ಮದುವೆಗೆ ಮುಂಚಿನ ದನಿ ಇತ್ತು. ಯಾರೋ ಬಾಗಿಲು ಬಡಿದದ್ದು, ನಮ್ಮವ್ವ ನನ್ನನ್ನು ಕೂಗಿದ್ದು ಎಲ್ಲ ಅವುಗಳಲ್ಲಿದ್ದವು. ಆ ಐದು ಕಾರಣಗಳನ್ನು ಆಕೆ ಈಗ ನಿದ್ದೆಯಲ್ಲೂ ಹೇಳುತ್ತಿದ್ದಳು. ನಾನು ಹೋದಾಗ ಒಮ್ಮೆ ಹೇಳಿ ತೋರಿಸಿದಳು. "ಈಗೇನ ಮಾಡೂದೈತಿ ತಗೊಂಡು," ಅಂದಳು.

ನಿರ್ಬಂಧ ಮುಗಿದ ಕೂಡಲೇ ಮತ್ತೆ ಅರ್ಜಿ ಹಾಕಿದಳು. ಈ ಸಲದ ಕೇಂದ್ರ ಸಿಂದಗಿ. ಅಲ್ಲಿ ನಮ್ಮ ಕೋಣೆಯ ಮೇಲ್ವಿಚಾರಕರಿಗೆ ಮೊದಲೇ ಯಾರೋ ಹೇಳಿದ್ದರೆಂದು ಕಾಣುತ್ತದೆ. ಹತ್ತಿರ ಬರಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ನಮ್ಮಿಬ್ಬರ ಕೈಗಳನ್ನೇ ನೋಡುತ್ತಾ ಕೂತರು.

"ಇಂವ ಬೇಷದಾನ ನೋಡು," ಎಂದು ಅಕ್ಕ ನನ್ನ ಕಿವಿಯಲ್ಲಿ ಅಂದಳು. "ಪುಣ್ಯಾ ಗಳಸೂ ಮನಷ್ಯಾ ಅಲ್ಲ." ಎಷ್ಟೋ ದಿನಗಳ ಮೇಲೆ ಆಕೆಯ ಮುಖದಲ್ಲಿ ಹಳೆಯ ನಗು ಕಂಡೆ.

ಪತ್ರಿಕೆಗಳ ನಡುವೆ ರಜೆ ಇತ್ತು. ಕೊನೆಯದೊಂದು ಉಳಿದಿದ್ದಾಗ ಆಕೆಗೆ ಜ್ವರ ಬಂತು. ಎರಡು ದಿನ ಮನೆಯಲ್ಲೇ ಗುಳಿಗೆ ನುಂಗಿದಳು. ಪರೀಕ್ಷೆ ತಪ್ಪೀತೆಂದು ಯಾರಿಗೂ ಹೇಳಗೊಡಲಿಲ್ಲ. ಮೂರನೆಯ ದಿನ ಎದ್ದು ನಿಲ್ಲಲಾಗಲಿಲ್ಲ. ವಿಜಯಪುರದ ಆಸ್ಪತ್ರೆಗೆ ಸೇರಿಸಿದರು. ಡೆಂಗ್ಯೂ ಅಂದರು, ರಕ್ತದಲ್ಲಿ ಏನೋ ಇಳಿದಿದೆ ಅಂದರು. ಪರೀಕ್ಷೆಯ ದಿನ ಬೆಳಿಗ್ಗೆ ಸಿಂದಗಿಯಲ್ಲಿ ಗಂಟೆ ಹೊಡೆಯುವ ಹೊತ್ತಿಗೆ ಆಕೆಗೆ ಎಚ್ಚರವಿರಲಿಲ್ಲ. ಅದರ ಮರುದಿನ ತೀರಿಕೊಂಡಳು.

ಮಣ್ಣಿಗೆ ಬಹಳ ಮಂದಿ ಬಂದಿದ್ದರು. ಆಕೆಯ ಕೈ ಹಿಡಿದು ದಾಟಿಸಿದವರೆಲ್ಲ ಬಂದಿದ್ದರೇನೋ. ನನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: "ಆಕೀನ, ಕಾಪಿ ಮಾಡಿ ಸಿಕ್ಕಿದ್ಲಂತಲ್ಲ, ಆ ಹುಡುಗಿ." ನಾನು ತಿರುಗಿ ನೋಡಿದೆ. ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ಅವಳನ್ನು ಬೈಯಲೂ ನನ್ನಿಂದ ಆಗಲಿಲ್ಲ.

ಕೆಲವು ದಿನಗಳ ಮೇಲೆ ಆ ಸರ್ ಬಂದರು. ಗಿರಣಿ ಮುಚ್ಚಿತ್ತು. ಕಾಕಾ ಒಳಗೆ ಮಲಗಿದ್ದರು. ಸರ್ ಹೊಸ್ತಿಲಿನ ಹೊರಗೇ ನಿಂತು ಅತ್ತರು. ನಾಟಕದ ಅಳುವಲ್ಲ, ಮೈಯೆಲ್ಲ ಅಲುಗುತ್ತಿತ್ತು.

"ನಾ ಯುನಿವರ್ಸಿಟಿಗಿ ಬರದುಕೊಡ್ತೇನವ್ವಾ," ಅಂದರು ನನಗೆ. "ನಾನ ಬರದದ್ದು ಅಂತ ಬರದು ಸಹಿ ಹಾಕಿ ಕೊಡ್ತೇನಿ."

"ಈಗ ಬರದು ಯಾರ್ನ ಪಾಸ್ ಮಾಡಸ್ತೀರಿ ಸರ್?" ಎಂದೆ. ಅಷ್ಟು ಕಟುವಾಗಿ ನಾನು ಯಾರಿಗೂ ಮಾತಾಡಿದವಳಲ್ಲ. ಆಮೇಲೆ ಓಣಿಯ ಕಡೆ ಕೈ ತೋರಿಸಿದೆ. ಕಟ್ಟೆಯ ಮೇಲೆ ಆರೇಳು ಮಂದಿ ಕೂತು ನಮ್ಮನ್ನೇ ನೋಡುತ್ತಿದ್ದರು. "ಅಲ್ಲಿ ಕುಂತಾರಲ್ರಿ, ಅವರ ಮುಂದ ಹೇಳಿ ಹೋಗ್ರಿ. ಸಹಿ ಬ್ಯಾಡ."

ಅವರು ಕಟ್ಟೆಯ ಕಡೆ ನೋಡಿದರು. ನನಗೆ ಕೈ ಮುಗಿದು, ತಲೆ ತಗ್ಗಿಸಿಕೊಂಡು ಕಟ್ಟೆ ದಾಟಿ ಹೋದರು. ಬರೆದುಕೊಟ್ಟರೋ ಇಲ್ಲವೋ ನನಗೆ ತಿಳಿಯದು. ಯಾರಿಂದಲೂ ಏನೂ ಬರಲಿಲ್ಲ.

ಗಿರಣಿ ಮತ್ತೆ ಸುರುವಾಗಿದೆ. ಕಾಕಾ ಒಬ್ಬರೇ ನಡೆಸುತ್ತಾರೆ. ಹೋದ ಸಲ ತವರಿಗೆ ಹೋದಾಗ ನಮ್ಮವ್ವನ ಜೋಳ ಒಯ್ದಿದ್ದೆ. ನನಗಿಂತ ಮುಂಚೆ ಗೋಧಿ ಬೀಸಿದ್ದರು. ಕಾಕಾ ನನ್ನ ಡಬ್ಬಿಯನ್ನು ನೇರವಾಗಿ ಕೆಳಗಿಟ್ಟರು. ತಗಡಿನ ಡಬ್ಬಿ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಡಬ್ಬಿ ಹೊತ್ತು ಮನೆಗೆ ಬಂದೆ. ಆ ಹಿಟ್ಟಿನ ರೊಟ್ಟಿ ತಿಂದೆವು.

ಇದನ್ನು ನಾನು ಬರೆಯುತ್ತಿರುವುದು ಅಕ್ಕ ಕಾಪಿ ಮಾಡಿ ಸಿಕ್ಕವಳಲ್ಲ ಎಂದು ಎಲ್ಲಾದರೂ ಒಂದು ಕಡೆ ಇರಲಿ ಎಂದು. ಇಷ್ಟು ವರ್ಷ ಬರೆದೆ, ಒಂದು ಸಾಲೂ ನನ್ನದಾಗಿರಲಿಲ್ಲ. ನನ್ನದೇ ಮಾತು ಇಷ್ಟೊಂದು ಬರೆದದ್ದು ಇದೇ ಮೊದಲು. ಬರೆಯುವಾಗ ಆಗಾಗ ಕೈ ನಿಲ್ಲುತ್ತದೆ. ಯಾಕ ನಿಂತಿ ಎಂದು ಕೇಳುವವರಿಲ್ಲ.

ಕೊನೆಗೆ ಏನಂದಳು ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಕಡೆಯ ಹೊತ್ತಿಗೆ ಹತ್ತಿರ ಇದ್ದವಳು ನಾನೇ. ಆಕೆಯ ಎಡಗೈಯ ಕೆಳಗೆ ನನ್ನ ಕೈ ಇಟ್ಟುಕೊಂಡು ಕೂತಿದ್ದೆ. ಅಪ್ಪನ ಬಗ್ಗೆ ಏನಾದರೂ ಹೇಳಿರಬೇಕು, ಪರೀಕ್ಷೆಯ ಬಗ್ಗೆ, ತನಗಾದ ಅನ್ಯಾಯದ ಬಗ್ಗೆ ಏನಾದರೂ ಹೇಳಿರಬೇಕು ಎಂದು ಅವರಿಗೆ ಆಸೆ. ಒಂದು ಒಳ್ಳೆಯ ಮಾತು ಇಲ್ಲಿ ಬರೆದರೆ ತಪ್ಪೆಂದು ಹೇಳಲು ಯಾರೂ ಉಳಿದಿಲ್ಲ. ಅಂಥ ಮಾತುಗಳು ನನ್ನ ಬಾಯಿಗೂ ಬಂದಿವೆ. ಆದರೆ ಎಚ್ಚರ ತಪ್ಪುವ ಮುಂಚೆ ಆಕೆ ಅಂದದ್ದು ಇಷ್ಟೇ:

"ಫ್ಯಾನ್ ಸಣ್ಣ ಮಾಡು. ಥಂಡಿ ಆಗಾಕತ್ತೈತಿ."

ಎದ್ದು ಸಣ್ಣ ಮಾಡಿ ಬಂದೆ. ಆಮೇಲೆ ಆಕೆ ಏನೂ ಹೇಳಲಿಲ್ಲ.